ಓಗೊಟ್ಟ ಲಾಮಾನ ಕಲ್ಲು

ಹಿಮಾಲಯದ ಸೆರ್‌ದಿಂಗ್ ಹಳ್ಳಿಯಲ್ಲಿ, ಬೌದ್ಧರ ಗುಡಿಯಾದ ಗೊಂಪಾಕ್ಕೆ ಹತ್ತುವ ದಾರಿಯ ಪಕ್ಕ ಒಂದು ಚಪ್ಪಟೆ ಕಲ್ಲಿದೆ. ತಗಡಿನ ಫಲಕವೊಂದು ಅದನ್ನು ‘ಧ್ಯಾನಶಿಲೆ’ ಎನ್ನುತ್ತದೆ. ಫಲಕ ಓದಿದವರು ಅದರ ಮೇಲೆ ಕಣ್ಣು ಮುಚ್ಚಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಊರಿನವರ ಬಾಯಲ್ಲಿ ಆ ಹೆಸರಿಲ್ಲ. ಓಗೊಟ್ಟ ಲಾಮಾನ ಕಲ್ಲು ಎಂದರೆ ಯಾರಾದರೂ ಕೈ ತೋರಿಸುತ್ತಾರೆ.

ಹಿಂದೆ ಒಮ್ಮೆ ಈ ಗೊಂಪಾದಲ್ಲಿ ಸಿಂಗೆ ಎಂಬ ಲಾಮಾ ಇದ್ದನಂತೆ. ಹನ್ನೆರಡು ವರ್ಷ ದೂರದ ಮಠದಲ್ಲಿ ಓದಿ ಬಂದವನು. ಬಂದು ನೋಡಿದರೆ, ಸತ್ತವರಿಗೆ ಗ್ರಂಥ ಓದಲು ಮಾತ್ರ ಅವನು ಬೇಕು. ಕಾಯಿಲೆ ಬಿದ್ದವರಿಗೆ ಧೋಜೆ ಎಂಬ ಝಾಂಕ್ರಿ, ಅಂದರೆ ಡೋಲಿನ ಮಂತ್ರವಾದಿ, ಬೇಕು. ಕಾಯಿಲೆ ಎಂದರೆ ಜೀವ ಹೆದರಿ ಮೈಬಿಟ್ಟು ಹೋಗುವುದು ಎಂದು ಊರು ನಂಬಿತ್ತು. ಝಾಂಕ್ರಿ ಮನೆಯೊಳಗೆ ಡೋಲು ಬಡಿದು ರೋಗಿಯ ಹೆಸರು ಕೂಗಬೇಕು. ಒಡಹುಟ್ಟಿದವರೋ ಮಕ್ಕಳೋ ರೋಗಿಯ ಅಂಗಿ ಹಿಡಿದು ಹೊರಗೆ ಕೂತು, ರೋಗಿಯ ಪರವಾಗಿ “ಬಂದೆ” ಎನ್ನಬೇಕು. ಓಗೊಡುವವರಿಲ್ಲದಿದ್ದರೆ ಜೀವಕ್ಕೆ ಮನೆ ಗುರುತು ಸಿಗದು. ಸಿಂಗೆ ಎರಡು ವರ್ಷ ಬುದ್ಧಿ ಹೇಳಿದ. ಜನ ತಲೆಯಾಡಿಸಿ ಕೇಳಿ, ಸೀದಾ ಧೋಜೆಯ ಮನೆಗೆ ಹೋದರು. ರೋಸಿಹೋದ ಲಾಮಾ ಕೊನೆಗೆ ಊರು ಸೇರಿಸಿ, “ಡೋಲಿಗೆ ಓಗೊಟ್ಟವರ ಮನೆಯ ಸಾವಿಗೆ ನಾನು ಬರುವುದಿಲ್ಲ” ಎಂದು ಆಣೆಯಿಟ್ಟ. ಡೋಲು ನಿಂತಿತು.

ಮರುವರ್ಷ ಅವನ ಅಕ್ಕ ಸುಕುಮಾಯಾ ಜ್ವರದಿಂದ ಮಲಗಿದಳು. ಮಕ್ಕಳಿಲ್ಲದ ವಿಧವೆ, ತಮ್ಮನನ್ನು ಸಾಕಿದವಳು ಅವಳೇ. ಅವಳ ಮನೆ ಈ ಕಲ್ಲಿನ ಎದುರಿಗಿತ್ತು. ಸಿಂಗೆ ಮೂರು ದಿನ ಕೂತು ಓದಿದ. ಜ್ವರಕ್ಕೆ ಗ್ರಂಥದ ಮೇಲೆ ಗೌರವವಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವಳೇ ಪುಟದ ಮೇಲೆ ಕೈಯಿಟ್ಟಳು. “ಸತ್ತ ಮೇಲೆ ಎಷ್ಟು ಬೇಕಾದರೂ ಓದು, ತಮ್ಮಾ. ಈಗ ಧೋಜೆಯನ್ನು ಕರೆಸು.”

“ಅಕ್ಕಾ, ಊರ ಮುಂದೆ ಆಣೆಯಿಟ್ಟಿದ್ದೇನೆ.”

“ನನ್ನನ್ನು ಕೇಳಿ ಇಟ್ಟೆಯಾ?”

ಧೋಜೆ ಬಂದ. ಡೋಲನ್ನು ಬೆಂಕಿಗೆ ಕಾಯಿಸುತ್ತಾ, “ಅಂಗಿ ಹಿಡಿಯುವವರು ಯಾರು, ಲಾಮಾಗಳೇ? ಇವಳಿಗೆ ನೀವೊಬ್ಬರೇ” ಎಂದ. ಆ ಮಾತಿನಲ್ಲಿ ನಗುವಿತ್ತು ಎನ್ನುತ್ತಾರೆ. ಇರಲಿಲ್ಲ ಎನ್ನುವವರೂ ಇದ್ದಾರೆ. ಸಿಂಗೆ ಅಂಗಿ ಹಿಡಿದು ಹೊರಬಂದು ಕಲ್ಲಿನ ಮೇಲೆ ಕೂತ. ಇದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಹಾಗೆಂದು ಸುಮ್ಮನಿದ್ದರೆ, ಯಾರೂ ಓಗೊಡಲಿಲ್ಲವೆಂದು ಒಳಗಿರುವವಳು ನಂಬಿಕೊಂಡೇ ಸಾಯುತ್ತಾಳೆ ಎಂಬುದೂ ಗೊತ್ತಿತ್ತು. ಧೋಜೆ ಒಮ್ಮೆ ಕೂಗಿದ. ಎರಡನೆಯ ಸಲ ಕೂಗಿದ. ಊರೆಲ್ಲ ದಾರಿಯಲ್ಲಿ ನಿಂತಿತ್ತು. ಮೂರನೆಯ ಕೂಗಿಗೆ ಲಾಮಾ ಹಲ್ಲು ಕಚ್ಚಿಕೊಂಡೇ “ಬಂದೆ” ಎಂದ.

ಎರಡು ದಿನದಲ್ಲಿ ಜ್ವರ ಬಿಟ್ಟಿತು. ಜ್ವರಗಳು ಬಿಡುವುದುಂಟು. ಆದರೆ ಅದನ್ನು ಸೆರ್‌ದಿಂಗ್‌ನಲ್ಲಿ ಯಾರಿಗೆ ಹೇಳುವುದು? ಮನೆಮನೆಯಲ್ಲಿ ಡೋಲು ಮತ್ತೆ ಶುರುವಾಯಿತು. ಓಗೊಡುವವರು ಲಾಮಾ ಕೂತ ಕಲ್ಲಿನ ಮೇಲೆಯೇ ಬಂದು ಕೂರತೊಡಗಿದರು. ಧೋಜೆ ಸತ್ತಾಗ ಮೂರು ದಿನ ಗ್ರಂಥ ಓದಿದವನೂ ಸಿಂಗೆಯೇ. ಮುದುಕನಾದ ಮೇಲೆ ಅವನು ಕಲ್ಲಿನ ಹೆಸರನ್ನಾದರೂ ಬದಲಿಸಲು ಹೊರಟು, ಅದನ್ನು ಧ್ಯಾನಶಿಲೆ ಎಂದು ಕರೆದು, ಮೇಲೆಲ್ಲ ‘ಓಂ ಮಣಿ ಪದ್ಮೇ ಹುಂ’ ಎಂಬ ಮಣಿಮಂತ್ರ ಕೆತ್ತಿಸಿದನಂತೆ.

ಅಂಚಿನಲ್ಲಿ ಆ ಅಕ್ಷರಗಳು ಈಗಲೂ ಚೂಪಾಗಿವೆ. ನಡುವೆ ಒಂದೂ ಉಳಿದಿಲ್ಲ; ಅಂಗಿ ಹಿಡಿದು ಕೂತವರ ಕೆಳಗೆ ಸವೆದುಹೋಗಿವೆ. ಫೋಟೊಗೆ ಕೂತವರ ಭುಜವನ್ನು ಆಗೀಗ ಯಾರೋ ತಟ್ಟುತ್ತಾರೆ: “ಸ್ವಲ್ಪ ಏಳಿ. ನಮ್ಮಮ್ಮನನ್ನು ಕೂಗುತ್ತಿದ್ದಾರೆ.”