ಎಲ್ಲಕ್ಕಿಂತ ಮೇಲೆ ಬಂದ ಹೆಸರು

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ ಊಟದ ಹೊತ್ತು ಮೌನ. ಒಂದು ದಿನ ಪಂಕ್ತಿಯಲ್ಲಿದ್ದ ಹುಡುಗಿಯೊಬ್ಬಳು, ನಾಚಿಕೆಯಿಂದ ಬೆಳಗಿನಿಂದಲೂ ತುಟಿ ಬಿಚ್ಚದವಳು, ಇನ್ನಷ್ಟು ಹುಗ್ಗಿ ಬೇಕೆಂದು ಕೂಗಿಬಿಟ್ಟಳು. ಎಲ್ಲರೂ ನಕ್ಕರು. ಬಡಿಸಿದರು.

ಶಿಷ್ಯ ಸುಧನ್ವ ಮಾತ್ರ ನಗಲಿಲ್ಲ. ಹೋಗಿ ಪತ್ರಿಕಾ ಪ್ರಕಟಣೆ ಬರೆದ: 'ಗುರುಸನ್ನಿಧಿಯಲ್ಲಿ ಮಾತು ಪಡೆದ ಬಾಲೆ.'

ಕಾವಿ ಉಡುವ ಮೊದಲು ಅವನು ಪ್ರಚಾರದ ಕಂಪನಿಯಲ್ಲಿದ್ದ. ಕಾವಿಗೆ ಆ ಚಟ ಬಿಡಿಸಲು ಆಗಿರಲಿಲ್ಲ.

ಸ್ವಲ್ಪ ದಿನಕ್ಕೆ ಆಶ್ರಮದ ಮುಂದೆ ಕಾರುಗಳು ಸಾಲುಗಟ್ಟಿದವು. ಏನಿದು ಎಂದು ಗುರು ಕೇಳಿದರು. ಸುಧನ್ವ ಹಿಗ್ಗಿ ವಿವರಿಸಿದ. ಪ್ರಕಟಣೆಯನ್ನು ನೂರಾರು ಜಾಲತಾಣಗಳು ಒಂದಕ್ಷರ ಬದಲಿಸದೆ ಹಾಕಿಕೊಂಡಿವೆ. ಒಂದೊಂದರಲ್ಲೂ ಆಶ್ರಮದ ತಾಣಕ್ಕೆ ಲಿಂಕ್ ಇದೆ. ಇಷ್ಟು ಜನ ಹೇಳುತ್ತಿರುವಾಗ ನಿಜವೇ ಇರಬೇಕೆಂದು ಸರ್ಚ್ ಎಂಜಿನ್ ಆಶ್ರಮದ ಹೆಸರನ್ನು ಮೇಲಕ್ಕೆ ತಂದಿದೆ.

"ಅಷ್ಟು ಜನರಲ್ಲಿ ಬಂದು ನೋಡಿದವರು ಯಾರು?"

"ಯಾರೂ ಇಲ್ಲ ಗುರುಗಳೇ. ಬರುವ ಅಗತ್ಯವಿಲ್ಲ."

"ಅಂದರೆ ಸುಳ್ಳು ಹೇಳಿದ್ದು ನೀನೊಬ್ಬನೇ."

ಅಷ್ಟರಲ್ಲಿ ಹೆಂಗಸೊಬ್ಬಳು ಪುಟ್ಟ ಮಗಳನ್ನು ಎತ್ತಿಕೊಂಡು ಬಂದು ಗುರುವಿನ ಕಾಲಿಗೆ ಹಾಕಿದಳು.

"ಇವತ್ತ ಇಕಿ ಕಿವಿ ಆಪರೇಷನ್ ಇತ್ರಿ ಅಜ್ಜಾರ. ಬಿಟ್ಟು ಬಂದೇನ್ರಿ. ಮಕ್ಕಳಿಗೆ ಮಾತು ಬರಸೋದು ಹೆಂಗಂತ ಹುಡುಕಿದ್ರ ಮೊಬೈಲಿನ್ಯಾಗ ಎಲ್ಲಾಕಿಂತ ಮ್ಯಾಲ ನಿಮ್ಮ ಹೆಸರ ಇತ್ತು."

ಗುರುವಿನ ಮುಖ ಕೆಂಪಾಯಿತು. ಮಗುವನ್ನು ಎತ್ತಿ ಸುಧನ್ವನ ತೊಡೆಯ ಮೇಲೆ ಕೂರಿಸಿದರು.

"ಮಾತು ಬರಿಸಿದವನು ನೀನು. ಮಾತಾಡಿಸು."

ಅವನು ಮೆಲ್ಲಗೆ ಕರೆದ. ಗುರು ಬಿಡಲಿಲ್ಲ. ಗಟ್ಟಿಯಾಗಿ ಕರೆದ. ಮರದ ಮೇಲಿದ್ದ ಕಾಗೆ ಹಾರಿಹೋಯಿತು. ಮಗು ಅವನ ಜಪಮಾಲೆಯ ಮಣಿ ಉರುಳಿಸುತ್ತ ಕೂತಿತ್ತು.

ಗುರು ಆ ತಾಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ನಾಚಿಕೆಯ ಹುಡುಗಿ, ಹುಗ್ಗಿ, ಅಷ್ಟೇ.

"ಹಂಗಾದ್ರ ಯಾಕ ಬರದ್ರಿ?" ಎಂದಳು ಅವಳು.

ಗುರು ಅವಳಿಗೆ ಕೈ ಮುಗಿದರು. ಜೀಪು ತರಿಸಿ, ಜೊತೆಗೆ ಹೋಗಿ ಡಾಕ್ಟರ ಕಾಲು ಹಿಡಿದಾದರೂ ಇನ್ನೊಂದು ದಿನ ಗೊತ್ತುಮಾಡಿಸಿಕೊಂಡು ಬಾ ಎಂದು ಸುಧನ್ವನಿಗೆ ಗದರಿದರು.

ಜೀಪು ಹತ್ತುವಾಗ ಸುಧನ್ವ ತಲೆ ತಗ್ಗಿಸಿ ಹೇಳಿದ: "ತಪ್ಪಾಯಿತು ಗುರುಗಳೇ. ಬಂದ ಕೂಡಲೇ ತಿದ್ದುಪಡಿ ಪ್ರಕಟಣೆ ಕಳಿಸುತ್ತೇನೆ."

ಗುರು ಮಗುವಿನ ಕಡೆ ನೋಡಿದರು.

"ಕಳಿಸು. ಇವಳಿಗೆ ಕೇಳಿಸುವ ಹಾಗೆ ಕಳಿಸು."