ಕೆಡಿಸಲು ಕೊಂಡ ಕಂಪ್ಯೂಟರು

“ಮಾಸ್ತರೇ, ಮನೆಯಲ್ಲಿ ಕಲಿಯುವುದಕ್ಕೆ ಯಾವ ಕಂಪ್ಯೂಟರು ಕೊಳ್ಳಲಿ? ಕೈಗೆಟುಕುವಂತಿರಬೇಕು, ಕೊಂಡಮೇಲೆ ಹೊಟ್ಟೆ ಉರಿಯಲೂಬಾರದು” ಎಂದು ಪಂಚಾಕ್ಷರಿ ಕೇಳಿದ.

ಕೇಳಿದ್ದು ಇದೇ ಮೊದಲಲ್ಲ. ಅಡವೆಪ್ಪ ಮಾಸ್ತರರ ಬಳಿ ಅವನು ಸರ್ವರ್ ವಿದ್ಯೆ ಕಲಿಯಲು ಬಂದು ಹನ್ನೊಂದು ತಿಂಗಳಾಗಿತ್ತು. ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ನಾಲ್ಕಾರು ಕಂಪ್ಯೂಟರುಗಳನ್ನು ಬೇರೆಬೇರೆಯಾಗಿ ನಡೆಸಬಹುದು, ಅದಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ ಎಂದು ಮಾಸ್ತರರು ಮೊದಲ ವಾರವೇ ಹೇಳಿದ್ದರು. ಮನೆಯಲ್ಲಿ ಒಂದನ್ನು ಇಟ್ಟುಕೊಂಡು ಅಭ್ಯಾಸ ಮಾಡು ಎಂದೂ ಹೇಳಿದ್ದರು. ಅಂದಿನಿಂದ ಪಂಚಾಕ್ಷರಿ ಕಂಪ್ಯೂಟರುಗಳ ಪಟ್ಟಿ ಬರೆಯುತ್ತಲೇ ಇದ್ದ. ಇದಕ್ಕಿಂತ ಅದು ಜೋರು, ಅದಕ್ಕಿಂತ ಇನ್ನೊಂದು ಅಗ್ಗ. ಪಟ್ಟಿ ನಾಲ್ಕನೆಯ ಹಾಳೆಗೆ ಬಂದಿತ್ತು. ಮುಂದಿನ ತಿಂಗಳಿನಿಂದ ಅವನ ಕಚೇರಿಯ ಸರ್ವರ್ ಅವನದೇ ಜವಾಬ್ದಾರಿಗೆ ಬರುವುದಿತ್ತು.

ಮಾಸ್ತರರು ನಾಲ್ಕೂ ಹಾಳೆಗಳನ್ನು ತಿರುವಿ ನೋಡಿ ನಕ್ಕರು. “ಮೀನಮೇಷ ಎಣಿಸುವುದರಲ್ಲಿ ನೀನು ಪಂಚಾಂಗದವರನ್ನೂ ಮೀರಿಸಿದೆಯಪ್ಪಾ. ಕೂತುಕೋ, ಒಂದು ಕತೆ ಕೇಳು” ಎಂದರು.

ಒಂದು ತಾಲ್ಲೂಕಿನ ಊರು. ಅಲ್ಲೊಂದು ಹೆರಿಗೆ ಆಸ್ಪತ್ರೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಒಬ್ಬ ಗುಮಾಸ್ತೆ ಕೂರುತ್ತಿದ್ದಳು. ಬಂದ ಬಸುರಿಯರ ಹೆಸರು, ಹಿಂದಿನ ಕಾಯಿಲೆ, ಮೈಗೆ ಆಗದ ಔಷಧಿ, ಎಲ್ಲವೂ ಒಂದು ಸರ್ವರಿನಲ್ಲಿ ಇರುತ್ತಿತ್ತು. ಒಂದು ದಿನ ಆ ಸರ್ವರ್ ಮಲಗಿತು. ರಿಪೇರಿಯವರು ದೂರದ ನಗರದಿಂದ ಬರಬೇಕು, ಎರಡು ದಿನ ಬೇಕು. ಅದೇ ಹೊತ್ತಿಗೆ ಒಬ್ಬ ಬಸುರಿ ನೋವು ತಿನ್ನುತ್ತ ಬಂದಳು. ಯಾವುದೋ ಒಂದು ಇಂಜೆಕ್ಷನ್ ಅವಳಿಗೆ ಆಗುವುದಿಲ್ಲ. ಯಾವುದು ಎಂದು ಅವಳಿಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ. ಡಾಕ್ಟರು ಧೈರ್ಯ ಮಾಡದೆ ಜಿಲ್ಲಾಸ್ಪತ್ರೆಗೆ ಕಳಿಸಿದರು. ದಾರಿಯಲ್ಲಿ, ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು. ತಾಯಿ ಮಗು ಉಳಿದದ್ದು ಅವರ ಪುಣ್ಯ.

ಗುಮಾಸ್ತೆ ಅವಳನ್ನು ಕಳಿಸಿದ್ದನ್ನು ಕಿಟಕಿಯಿಂದಲೇ ನೋಡಿದ್ದಳು. ಇನ್ನೊಮ್ಮೆ ಇದು ಮಲಗಿದರೆ ನಾನೇ ಎಬ್ಬಿಸುತ್ತೇನೆ ಎಂದು ನಿಶ್ಚಯಿಸಿದಳು.

ಆದರೆ ಕಲಿಯುವುದೆಲ್ಲಿ? ಜನ ಸಾಲಿನಲ್ಲಿ ನಿಂತಿರುವಾಗ ಆಸ್ಪತ್ರೆಯ ಸರ್ವರ್ ಮೇಲೆ ಕೈ ಪಳಗಿಸಿಕೊಳ್ಳಲು ಆಗುತ್ತದೆಯೇ? ಪುಸ್ತಕ ಓದಿ ಏನೇನು ಬೇಕೆಂದು ತಿಳಿದುಕೊಂಡು ಅವಳು ಪೇಟೆಗೆ ಹೋದಳು. ಹಳೆಯ ಕಂಪ್ಯೂಟರು ಮಾರುವ ಒಬ್ಬ ವ್ಯಾಪಾರಿ ಅವಳಿಗೆ ಆಳೆತ್ತರದ ಕಪಾಟಿನಿಂದ ಕಳಚಿ ತಂದ ಒಂದು ದೊಡ್ಡ ಸರ್ವರನ್ನು ತೋರಿಸಿದ.

“ಅಕ್ಕಾರ, ಇದನ್ನ ಒಯ್ರಿ. ದೊಡ್ಡ ಆಫೀಸಿನಾಗ ಇದ್ದದ್ದು. ಈ ರೇಟಿಗೆ ಮತ್ತ ಸಿಗೂದಿಲ್ಲ.”

ಗುಂಡಿ ಒತ್ತಿದ. ಅದು ಹಿಟ್ಟಿನ ಗಿರಣಿಯ ಹಾಗೆ ಮೊರೆಯಿತು.

“ಸುಮ್ನ ಕುಂತಾಗ ಇದು ಎಷ್ಟು ಕರೆಂಟು ತಿಂತೈತಿ?” ಎಂದು ಅವಳು ಕೇಳಿದಳು.

“ಎರಡು ಫ್ಯಾನಿನಷ್ಟು. ಅದೇನು ಮಹಾ ಬಿಡ್ರಿ.”

“ಅಗ್ಗಕ್ಕ ಸಿಕ್ಕಿತು ಅಂತ ಆನೆ ಕಟ್ಟಿಕೊಂಡ್ರ, ಮೇವು ನೀವು ಹಾಕ್ತೀರೇನಣ್ಣಾ?”

ವ್ಯಾಪಾರಿ ಅದನ್ನು ಆರಿಸಿದ. ಅವಳು ಅಂಗಡಿಯ ಮೂಲೆಯಲ್ಲಿದ್ದ ಒಂದು ಸಣ್ಣ ಕಂಪ್ಯೂಟರನ್ನು ಎತ್ತಿಕೊಂಡಳು. ಯಾವುದೋ ಕಚೇರಿಯವರು ಹಳೆಯದಾಯಿತೆಂದು ತೆಗೆದುಹಾಕಿದ್ದು, ಸಾಂಬಾರ ಡಬ್ಬಿಯಷ್ಟೇ ದೊಡ್ಡದು, ಮೈಯೆಲ್ಲ ಗೀರು. ಚಾಲೂ ಮಾಡಿಸಿ, ತನ್ನೊಳಗೆ ಬೇರೆ ಕಂಪ್ಯೂಟರುಗಳನ್ನು ನಡೆಸುವ ಶಕ್ತಿ ಅದರ ಪ್ರೊಸೆಸರಿಗೆ ಇದೆಯೇ ಎಂದು ಸೆಟ್ಟಿಂಗಿನಲ್ಲಿ ನೋಡಿದಳು. ಇತ್ತು. ಮುಚ್ಚಳ ಬಿಚ್ಚಿಸಿ, ಮೆಮೊರಿ ಕೂರಿಸುವ ಜಾಗ ಖಾಲಿ ಇದೆಯೇ ಎಂದು ನೋಡಿದಳು. ಒಂದು ಖಾಲಿ ಇತ್ತು. ಅರ್ಧ ಗಂಟೆ ಓಡಿಸಿ, ಬೆನ್ನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದಳು. ಎಲ್ಲರೂ ಒಳಗೆ ಏನಿದೆ ಎಂದು ಕೇಳುತ್ತಾರೆ, ಈಕೆ ಇನ್ನೆಷ್ಟು ಹಿಡಿಸುತ್ತದೆ ಎಂದು ಕೇಳುತ್ತಾಳಲ್ಲ ಎಂದು ವ್ಯಾಪಾರಿಗೆ ಸೋಜಿಗವಾಯಿತು. ಉಳಿದ ದುಡ್ಡಿನಲ್ಲಿ ಒಂದು ಮೆಮೊರಿ, ದಾಖಲೆಗಳ ಪ್ರತಿಯನ್ನು, ಅಂದರೆ ಬ್ಯಾಕಪ್ಪನ್ನು, ತೆಗೆದಿಡಲು ಒಂದು ಡಿಸ್ಕು ಕೊಂಡಳು. ಒಂದೇ ಬೆಳಗಿನಲ್ಲಿ ವ್ಯಾಪಾರ ಮುಗಿಯಿತು.

ಮನೆಯಲ್ಲಿ ಆ ಡಬ್ಬಿಯೊಳಗೆ ಒಂದು ಆಸ್ಪತ್ರೆ ಕಟ್ಟಿದಳು. ಒಂದು ಸರ್ವರ್, ಒಂದು ಚೀಟಿಯ ಕಿಟಕಿ, ಪ್ರತಿ ಕಾಯುವುದಕ್ಕೆ ಇನ್ನೊಂದು. ನಿಜವಾದ ರೋಗಿಗಳ ಹೆಸರು ಮನೆಗೆ ತರುವಂತಿಲ್ಲ. ಅದಕ್ಕೆ ತನ್ನ ಬಂಧುಬಳಗದ ಹೆಸರನ್ನೇ ತುಂಬಿದಳು. ಅವಳ ಸೋದರಮಾವಂದಿರು ಐದೂ ಜನ ಅಲ್ಲಿ ಬಸುರಿಯರೆಂದು ದಾಖಲಾದರು!

ಆಮೇಲೆ ಕೆಡಿಸತೊಡಗಿದಳು. ಬೆಳಗ್ಗೆ ರೊಟ್ಟಿ ಬಡಿದು ಮುಗಿಸಿ ಒಂದು ತಾಸು ಅದೇ ಕೆಲಸ. ಒಂದು ದಿನ ಫೈಲು ಅಳಿಸುವಳು, ಇನ್ನೊಂದು ದಿನ ಡಿಸ್ಕು ಕೀಳುವಳು, ಮತ್ತೊಂದು ದಿನ ನಡೆಯುತ್ತಿರುವಾಗಲೇ ಕರೆಂಟು ತೆಗೆಯುವಳು. ಕೆಡಿಸಿದ್ದನ್ನು ಎಬ್ಬಿಸದೆ ಡ್ಯೂಟಿಗೆ ಹೋಗುತ್ತಿರಲಿಲ್ಲ. ಕೆಡಿಸಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅತ್ತೆ, “ದುಡ್ಡು ಕೊಟ್ಟು ತಂದು ದಿನಾ ಕೆಡಿಸೂದು ಯಾವ ಸೀಮಿ ವಿದ್ಯಾ?” ಎಂದು ಗೊಣಗಿದರು. ಸೊಸೆ ನಕ್ಕು ಇನ್ನೊಂದು ಫೈಲು ಅಳಿಸಿದಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಅತ್ತೆಯೇ, “ಇವತ್ತು ಎದ್ದಿತೇನ?” ಎಂದು ವಿಚಾರಿಸಿ ಚಹಾ ಕೊಡುವಂತಾದರು.

ಕೆಡಿಸುತ್ತ ಕೆಡಿಸುತ್ತ ಅವಳಿಗೆ ಒಂದು ಸಂಗತಿ ತಿಳಿಯಿತು. ತೆರೆದು ನೋಡದ ಪ್ರತಿ ಇದ್ದೂ ಇಲ್ಲದ ಹಾಗೆ. ಆಸ್ಪತ್ರೆಯಲ್ಲಿ ಪ್ರತಿಯ ಡಿಸ್ಕಿಗೆ ಅಮಾವಾಸ್ಯೆಗೊಮ್ಮೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ತೆರೆದವರು ಒಬ್ಬರೂ ಇಲ್ಲ. ಅವಳು ಡಾಕ್ಟರನ್ನು ಕಾಡಿ ಬೇಡಿ ತೆರೆಸಿದಳು. ನಾಲ್ಕು ತಿಂಗಳಿಂದ ಅದರಲ್ಲಿ ಒಂದಕ್ಷರವೂ ಬಿದ್ದಿರಲಿಲ್ಲ. ಡಾಕ್ಟರು ಕಪಾಟಿನ ಬೀಗದ ಕೈಯನ್ನು ಅವಳಿಗೇ ಕೊಟ್ಟರು. ಅಂದಿನಿಂದ ಅವರ ಒಪ್ಪಿಗೆಯ ಮೇಲೆ ಪ್ರತಿಯ ಹೊಣೆ ಅವಳದಾಯಿತು.

ಎಂಟು ತಿಂಗಳಾದ ಮೇಲೆ ಒಂದು ಸೋಮವಾರ ಸರ್ವರ್ ಮತ್ತೆ ಮಲಗಿತು. ಒಳಗೆ ಒಬ್ಬ ಚೊಚ್ಚಲ ಬಸುರಿ ನರಳುತ್ತಿದ್ದಳು. ಡಾಕ್ಟರು ಕಿಟಕಿಯ ಬಳಿ ಬಂದು ನಿಂತರು. ಗುಮಾಸ್ತೆ ಕಪಾಟಿನಿಂದ ಡಿಸ್ಕು ತಂದಳು, ಕಿಟಕಿಯ ಪಕ್ಕದ ಬಿಡಿ ಕಂಪ್ಯೂಟರಿಗೆ ಜೋಡಿಸಿದಳು, ಮನೆಯಲ್ಲಿ ಮಾಡಿದಂತೆಯೇ ಒಂದೊಂದಾಗಿ ಮಾಡುತ್ತ ಹೋದಳು. ಇಪ್ಪತ್ತೈದು ನಿಮಿಷಕ್ಕೆ ಆ ಬಸುರಿಯ ಹೆಸರು ಪರದೆಯ ಮೇಲೆ ಬಂತು. ಅವಳಿಗೆ ಆಗದ ಔಷಧಿಯ ಹೆಸರೂ ಬಂತು. ಅದನ್ನೇ ಕೊಡಬೇಕೆಂದು ನರ್ಸು ಸೂಜಿಗೆ ತುಂಬಿಕೊಂಡು ನಿಂತಿದ್ದಳು. ಡಾಕ್ಟರು ಓಡಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಗುಮಾಸ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನವರ ಚೀಟಿ ಬರೆದಳು.

“ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಅಂಥ ಒಬ್ಬ ಶಿಷ್ಯೆ ನನಗೆ ಸಿಗಲಿಲ್ಲವಲ್ಲ ಎಂದು ಇವತ್ತಿಗೂ ಹೊಟ್ಟೆಕಿಚ್ಚು ನನಗೆ” ಎಂದರು ಮಾಸ್ತರರು.

ಪಂಚಾಕ್ಷರಿಯ ಕಣ್ಣು ತುಂಬಿತ್ತು. “ಭಲೇ ಹೆಣ್ಣುಮಗಳು ಮಾಸ್ತರೇ!” ಎಂದ. ಆಮೇಲೆ ಹಾಳೆಯನ್ನು ಮುಂದಕ್ಕೆಳೆದುಕೊಂಡು, ಪೆನ್ನು ತೆಗೆದು ಕೇಳಿದ: “ಆ ಸಣ್ಣ ಕಂಪ್ಯೂಟರು ಯಾವ ಕಂಪನಿಯದು? ಮಾಡೆಲ್ ಯಾವುದು?”

“ಅವಳನ್ನು ಕಂಡಾಗ ನಾನೂ ಅದನ್ನೇ ಕೇಳಿದೆ ತಮ್ಮಾ. ‘ಇನ್ನೂರ ಹದಿಮೂರು ಸಲ ಕೆಡಿಸಿದೆ’ ಅಂದಳು, ಕಂಪನಿಯ ಹೆಸರು ಅವಳಿಗೆ ನೆನಪಾಗಲಿಲ್ಲ.”