ಬೆರಳಚ್ಚು

ಪುರಸಭೆ ಕಚೇರಿಯಲ್ಲಿ ಸುಮಿತ್ರಾಬಾಯಿ ಮೂವತ್ತೊಂದು ವರ್ಷದಿಂದ ಬೆರಳಚ್ಚುಗಾರ್ತಿ. ಟೈಪ್‌ರೈಟರ್ ಕುಟ್ಟಿ ಕುಟ್ಟಿ ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು. ಹೊಸ ಸಾಹೇಬರು ಹಾಜರಿ ಪುಸ್ತಕವನ್ನು ಮೂಲೆಗೆಸೆದು ಗೋಡೆಗೆ ಹಾಜರಿ ಯಂತ್ರ ಹಾಕಿಸಿದ ದಿನ ಅದು ಅವಳಿಗೆ ಗೊತ್ತಾಯಿತು. ಎಲ್ಲರ ಬೆರಳಿಗೂ ಹಸಿರು ದೀಪ, ಅವಳ ಬೆರಳಿಗೆ ಮಾತ್ರ ಕೆಂಪು.

ಸಾಹೇಬರ ಆದೇಶ ಖಡಕ್ಕಾಗಿತ್ತು: "ದಿನಾ ಹತ್ತು ಗಂಟೆಯೊಳಗೆ ಬೆರಳಚ್ಚು ಕೊಡದವರು ಗೈರುಹಾಜರು. ಹತ್ತು ದಿನ ಗೈರಾದರೆ ನೌಕರಿ ಇಲ್ಲ." ಅದನ್ನು ಟೈಪ್ ಮಾಡಿದವಳೂ ಅವಳೇ.

"ನಿಮ್ಮ ಕಣ್ಣೆದುರಿಗೇ ಇದ್ದೀನಲ್ಲ ಸಾರ್?" ಎಂದು ಬೇಡಿಕೊಂಡಳು.

"ನಾನು ನೋಡಿದರೆ ಆಗಲ್ಲಮ್ಮ, ಯಂತ್ರ ನೋಡಬೇಕು. ಆದೇಶದಲ್ಲಿ ಏನಿದೆಯೋ ಅಷ್ಟೇ."

ಅವಳು ಹೋಗಿ ಟೈಪ್‌ರೈಟರ್ ಮುಂದೆ ಕೂತಳು.

ಹತ್ತನೆಯ ದಿನ ಸಾಹೇಬರು ಕರೆಸಿದರು. ಅವಳು ಹತ್ತು ಹಾಳೆ ಮೇಜಿನ ಮೇಲಿಟ್ಟಳು. ಒಂದೊಂದರಲ್ಲೂ ಅವಳ ಹೆಸರು, ತಾರೀಖು, ಒಂಬತ್ತೂ ಐವತ್ತರ ಸಮಯ, ಎಲ್ಲ ಟೈಪ್ ಮಾಡಿದ್ದು. ಕೆಳಗೆ ಅದೇ ದಿನದ ಕಚೇರಿ ಮೊಹರು.

"ಏನಿದು?"

"ಬೆರಳಚ್ಚು ಸಾರ್. ದಿನಾ ಹತ್ತು ಗಂಟೆಯೊಳಗೇ ಕೊಟ್ಟಿದ್ದೀನಿ. ನನ್ನ ನೇಮಕದ ಕಾಗದದಲ್ಲಿ ಸರ್ಕಾರ ಇದನ್ನೇ ಬೆರಳಚ್ಚು ಅಂದಿದೆ."

ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. "ಈಗಲೇ ಆದೇಶ ತಿದ್ದುತ್ತೇನೆ! ಬರೆದುಕೊಳ್ಳಿ!"

"ಟೈಪ್ ಮಾಡ್ತೀನಿ ಸಾರ್. ನಾನು ಇಲ್ಲಿದ್ದೀನಿ ಅಂತ ಮೊದಲು ನೀವು ಬರೆದುಕೊಡಿ."

ಸಾಹೇಬರು ತಾವೇ ಎದ್ದು ಹಾಜರಿ ಪುಸ್ತಕದ ಧೂಳು ಕೊಡವಿ ಮುಂದಿಟ್ಟರು. ಅವಳು ಸಹಿ ಹಾಕಿದಳು.

ಹೊರಬರುವಾಗ ಯಾಕೋ ಮನಸ್ಸು ತಡೆಯದೆ, ಯಂತ್ರದ ಮೇಲೆ ಇನ್ನೊಮ್ಮೆ ಬೆರಳಿಟ್ಟಳು.

ಕೆಂಪು.